ಭರಣಿ ಸೇರಿದ ಕಲ್ಲುಮರ

ಸ್ನೇಹಿತರೇ, ನನ್ನ ಗಾಜಿನ ಕಪಾಟಿನಲ್ಲಿದ್ದ ಕಲ್ಲಾದ ಮರ ಇವತ್ತು ಬೆಳಿಗ್ಗೆ ಕಾಣೆಯಾಗಿತ್ತು. ಕೋಟಿಗಟ್ಟಲೆ ವರ್ಷ ಮಣ್ಣಿನಡಿ ಇದ್ದು ಕಲ್ಲಾದ ಕಾಂಡದ ದುಂಡು ಬಿಲ್ಲೆ ಅದು. ಕನ್ನಡಿಯ ಹಾಗೆ ಪಾಲಿಶ್ ಮಾಡಿದ್ದು, ನನ್ನ ಸಂಗ್ರಹದಲ್ಲೇ ಚೆಂದದ್ದು.

"ನನ್ನ ಮರ ಎಲ್ಲಿ?" ಎಂದು ಕೂಗಿದೆ.

ಮಾವಿನಕಾಯಿ ಉಪ್ಪಿಗೆ ಹಾಕಿಕೊಡಲು ಬಿಜೂರಿನಿಂದ ನಮ್ಮ ಬೀಜಾಡಿ ಮನೆಗೆ ಬಂದಿರುವ ದೊಡ್ಡಮ್ಮ ಅಡುಗೆಮನೆಯಿಂದಲೇ ಹೇಳಿದರು: "ಮರ ಎಂತದೂ ಕಾಣ್ಲಿಲ್ಲೆ ಮಾರಾಯ. ಒಂದ್ ಕಲ್ಲ್ ಇದ್ದಿತ್, ತೊಳ್ದ್ ಭರಣಿಗೆ ಇಟ್ಟೆ."

ಕಾಯಿ ಉಪ್ಪುನೀರಿನ ಮೇಲೆ ತೇಲಬಾರದೆಂದು ಭಾರ ಇಡುತ್ತಾರಲ್ಲ, ಅದಕ್ಕೆ!

ಭರಣಿಯಿಂದ ತೆಗೆದು, ಇದು ಮರವೇ ಎಂದು ಕಾಂಡದ ಉಂಗುರಗಳನ್ನು ತೋರಿಸಿದೆ. "ಮರ ಆರೆ ತೇಲ್ಕಲ್ದಾ? ಕಾಂಬ" ಎಂದು ಬಕೆಟ್ಟಿನ ನೀರಿಗೆ ಹಾಕಿದರು. ಮುಳುಗಿತು. ಮೇಲೆತ್ತಿ, ಕನ್ನಡಕ ಹಾಕಿಕೊಂಡು ಉಂಗುರಗಳ ಮೇಲೆ ಬೆರಳಾಡಿಸಿದರು. "ಎಂತ ಮರ ಇದ್? ಹಣ್ಣ್ ಬಿಡ್ತಿತ್ತಾ?"

ಇಷ್ಟು ವರ್ಷ ಇಂಥವನ್ನೇ ಕೂಡಿಡುತ್ತಿರುವ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. "ಗೊತ್ತಿಲ್ಲೆ" ಎಂದೆ.

"ನಾನ್ ಯಾವಾಗ್ಳೂ ಮರದ್ ಬಿಲ್ಲೆ ಇಟ್ಟ್, ಅದ್ರ್ ಮೇಲ್ ಕಲ್ಲ್ ಇಡುದ್. ಇದ್ರಗೆ ಎರಡೂ ಇತ್ತಲೆ!" ಎಂದು ಖುಷಿಯಿಂದ ಮತ್ತೆ ಭರಣಿಗೇ ಇಳಿಸಿ, ಬಾಯಿಗೆ ಬಟ್ಟೆ ಕಟ್ಟಿಬಿಟ್ಟರು. ಇನ್ನು ಮಳೆಗಾಲದವರೆಗೆ ಬಿಚ್ಚುವಂತಿಲ್ಲ.

ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. ಬಿಜೂರಿನಿಂದ ತಂದಿದ್ದ ತಮ್ಮ ಹಳೆಯ ಮರದ ಬಿಲ್ಲೆಯನ್ನು ಒರೆಸಿ ಕಪಾಟಿನಲ್ಲಿಟ್ಟು, "ನಿಂಗ್ ಮರ ಬೇಕಲೆ, ಇದ್ ಇರ್ಲಿ" ಎಂದರು.

ಇಟ್ಟುಕೊಂಡಿದ್ದೇನೆ. ಕಲ್ಲಾಗುವವರೆಗೆ ಕಾದರಾಯಿತು.