ತಾಳಿ ಕದ್ದವರು ಯಾರು

“ಅತ್ತನೇ ಕ್ಲಾಸ್ ಆಯ್ತಲ್ಲ, ಸಾಕು. ನಮ್ಮ ಅಟ್ಟಿ ಎಣ್ಮಕ್ಳು ಕಾಲೇಜ್‌ಗೆ ಓಗೋದು ಈ ಜನ್ಮದಾಗೆ ಆಗೋ ಮಾತಲ್ಲ” ಅಂದವನು ನಮ್ಮ ದೊಡ್ಡಪ್ಪ. ನಮ್ಮ ಮನೆಯಲ್ಲಿ ಅವನು ಹೇಳಿದ್ದೇ ಕಡೇ ಮಾತು. ಅಣ್ಣನ ಮಾತು ಮೀರುವ ಧೈರ್ಯ ಅಪ್ಪನಿಗಿರಲಿಲ್ಲ. ನನ್ನನ್ನು ಸೋದರಮಾವನಿಗೇ ಕೊಟ್ಟುಬಿಡುವ ಮಾತೂ ನಡೆದಿತ್ತು.

ಆಗಿನ್ನೂ ಧರ್ಮಪುರಿಯಿಂದ ಹರೂರಿಗೆ ಹೋಗುವ ರಸ್ತೆಯ ಅಕ್ಕಪಕ್ಕ ಕುರಿ ಮೇಯುವಷ್ಟು ಬಯಲಿತ್ತು. ಎಲ್ಲರ ಕೈಗೂ ಮೊಬೈಲ್ ಬಂದಿತ್ತಾದರೂ ಬಯಲಿನಲ್ಲಿ ಟವರ್ ಸಿಗುತ್ತಿರಲಿಲ್ಲ. ಹತ್ತನೇ ಪರೀಕ್ಷೆ ಮುಗಿದ ಆ ಬೇಸಿಗೆಯಲ್ಲಿ ನಾನು ದೊಡ್ಡಪ್ಪನ ಜೊತೆ ಕುರಿ ಹಿಂದೆ ನಡೆದೆ. ಬೇವಿನ ಹೂವಿನ ವಾಸನೆ, ಬಿಸಿಲಿಗೆ ಕಾದ ಉಣ್ಣೆಯ ವಾಸನೆ. ಮಧ್ಯಾಹ್ನಕ್ಕೆ ತಣ್ಣನೆ ಮುದ್ದೆ, ಉಪ್ಪು ಖಾರ ಸವರಿದ ಮಾವಿನಕಾಯಿ. ಆಮೇಲೆ ಹುಣಸೆ ಮರದ ನೆರಳಲ್ಲಿ ಕತೆ.

ಟೀಚರಮ್ಮ ರಜಕ್ಕೆಂದು ಶಾಲೆಯ ಬೀರುವಿನಿಂದ ಹಳೇ ಪತ್ತೇದಾರಿ ಪುಸ್ತಕಗಳನ್ನು ಕೊಟ್ಟಿದ್ದರು. ಯಾವುದೋ ದೂರದ ಊರಿನ ಕತೆಗಳು, ತಮಿಳಿಗೆ ಬಂದಿದ್ದವು. ನಾನು ಓದಿ ನಮ್ಮ ಮನೆಮಾತು ಕನ್ನಡದಲ್ಲಿ ಹೇಳುತ್ತಿದ್ದೆ. ಮೊದಲ ದಿನವೇ ದೊಡ್ಡಪ್ಪ ತಕರಾರು ತೆಗೆದ.

“ಕುದುರೆ ಗಾಡಿ ಯಾಕ್ಲೇ? ಅವರೂರ್ಗೆ ಬಸ್ಸಿಲ್ವಾ?”

“ಹಳೇ ಕಾಲದ್ದು ದೊಡ್ಡಪ್ಪ.”

“ಇವತ್ತಿಂದು ಏಳು. ನಾನೇನು ಅಳೇ ಕಾಲ್ದಾಗೆ ಕೂತಿದ್ದೀನಾ?”

ಹಾಗಾಗಿ ಕುದುರೆ ಗಾಡಿ ಶೇರ್ ಆಟೋ ಆಯಿತು, ತಂತಿ ಸಮಾಚಾರ ವಾಟ್ಸಾಪ್ ಆಯಿತು. ಚುಟ್ಟ ಸೇದುವ ಪತ್ತೇದಾರ ಹೋಗಿ, ಸ್ಕೂಲ್ ಯೂನಿಫಾರ್ಮಿನ, ಚಿಕ್ಕತಾಯಿ ಅನ್ನುವ ಹೆಸರಿನ ಹುಡುಗಿ ಬಂದಳು. ಅವಳು ಕಳ್ಳರನ್ನು ಹಿಡಿದಾಗಲೆಲ್ಲ ದೊಡ್ಡಪ್ಪ ತೊಡೆ ತಟ್ಟಿ, “ಪರವಾಯಿಲ್ಲೆ, ಗಟ್ಟಿಗಿತ್ತಿ!” ಅನ್ನುತ್ತಿದ್ದ.

ಕೊನೆಯ ಪುಸ್ತಕದಲ್ಲಿ ಮದುವೆ ದಿನ ಬೀಗ ಹಾಕಿದ ಕೋಣೆಯಿಂದ ಒಡವೆ ಕಳುವಾಗುತ್ತದೆ. ನಾನದನ್ನು ಅದಿಯಮಾನ್‌ಕೋಟೆಯ ಮದುವೆ ಮಂಟಪ ಮಾಡಿದೆ; ಒಡವೆಯನ್ನು ತಾಳಿ ಮಾಡಿದೆ. ಅಯ್ಯನೋರ ಮೇಲೆ, ಅಡುಗೆಯವನ ಮೇಲೆ, ಗಂಡಿನ ಸ್ನೇಹಿತನ ಮೇಲೆ ಅನುಮಾನ. ದೊಡ್ಡಪ್ಪ ತಾಟಿನುಂಗಿನ ಕಾಯಿಯ ಕಣ್ಣಿಗೆ ಬೆರಳು ಹಾಕಿದವನು ತಿನ್ನುವುದನ್ನೇ ಮರೆತು ಕೂತಿದ್ದ.

“ಯಾರ್ಲೇ ಕದ್ದಿದ್ದು? ಸೀಕ್ರಂ, ಬೇಗ ಏಳು.”

“ಅಡುಗೆಯವನು” ಅಂದೆ. ಅನ್ನದ ಹಂಡೆಯೊಳಗೆ ಬಚ್ಚಿಟ್ಟಿದ್ದ, ಚಿಕ್ಕತಾಯಿ ಕಂಡುಹಿಡಿದಳು ಅಂತೆಲ್ಲ ಹೇಳಿದೆ.

ದೊಡ್ಡಪ್ಪ ನಕ್ಕ. “ಇದು ನೀನ್ ಕಟ್ಟಿದ್ದು. ಓದಿದ್ ಕತೆ ಏಳ್ವಾಗ ನೀನು ಕುರಿ ಕಡೆ ನೋಡ್ಕೊಂಡು ಏಳ್ತೀಯಾ. ಇವತ್ತು ನನ್ ಮೊಕಾನೇ ನೋಡ್ತಿದ್ದೀಯಾ, ನಂಬ್ತಾನಾ ಇಲ್ವಾ ಅಂತ.”

ಸಿಕ್ಕಿಬಿದ್ದೆ. “ಪುಸ್ತಕದ ಕೊನೇನ ಗೆದ್ದಲು ತಿಂದೈತೆ, ದೊಡ್ಡಪ್ಪ.”

“ಬೇರೆ ಎಲ್ಲಿ ಸಿಗ್ತದೆ?”

“ಧರ್ಮಪುರಿ ಲೈಬ್ರರೀಲಿ ಐತಂತೆ.” ಎಲ್ಲಿಂದ ಬಂತೋ ಧೈರ್ಯ, ಅಲ್ಲಿಗೇ ನಿಲ್ಲಿಸಲಿಲ್ಲ. “ಅಲ್ಲೇ ಪ್ಲಸ್ ಒನ್, ಅನ್ನೊಂದನೇ ಕ್ಲಾಸ್‌ಗೆ ಸೇರ್ಸು. ಓದ್ಕೊಂಡ್ ಬಂದು ಏಳ್ತೀನಿ.”

ಅವನ ಮುಖ ಬಿಗಿಯಿತು. “ಸಾಯಂಕಾಲದ ಬಸ್ ಇಳಿಯೋ ಒತ್ಗೆ ಕತ್ಲು. ರಸ್ತೆಯಿಂದ ಅಟ್ಟಿವರ್ಗೂ ಒಬ್ಬಳೇ ಎಂಗ್ಲೇ ಬತ್ತೀಯಾ? ಏನಾದ್ರೂ ಆದ್ರೆ ನಿಮ್ಮವ್ವಂಗೆ ನಾನೇನ್ ಏಳ್ಲಿ?”

ಅವನಿಗೆ ಓದಿನ ಮೇಲೆ ಸಿಟ್ಟಲ್ಲ, ಆ ಕತ್ತಲ ದಾರಿಯ ಭಯ ಅಂತ ನನಗೆ ಗೊತ್ತಾಗಿದ್ದು ಆಗಲೇ.

ಆ ವರ್ಷ ನನ್ನನ್ನು ಧರ್ಮಪುರಿಯಲ್ಲಿ ಪ್ಲಸ್ ಒನ್‌ಗೆ ಸೇರಿಸುವಾಗ ದೊಡ್ಡಪ್ಪ ಅಡ್ಡಿ ಮಾಡಲಿಲ್ಲ. ಶಾಲೆ ಶುರುವಾಗುವ ಮುಂಚೆ ಅವನು ಯಾರಿಗೂ ಹೇಳದೆ ಕುರಿ ಮೇಯಿಸುವ ಜಾಗ ಬದಲಾಯಿಸಿದ. ದಿನಾ ಸಾಯಂಕಾಲ ಮಂದೆ ಬಸ್ ಸ್ಟಾಪಿನ ಹಿಂದೆಯೇ ಇರುತ್ತಿತ್ತು. “ಇಲ್ಲಿ ಉಲ್ಲು ಚೆನ್ನಾಗೈತೆ” ಅನ್ನುತ್ತಿದ್ದ. ಅಲ್ಲಿ ಹುಲ್ಲೇ ಇರಲಿಲ್ಲ.

ಲೈಬ್ರರಿಯಲ್ಲಿ ಆ ಪುಸ್ತಕ ಸಿಕ್ಕ ದಿನ ನಾನು ಬಸ್ಸಿಳಿಯುತ್ತಿದ್ದಂತೆ, “ಯಾರು?” ಅಂದ.

“ಮದುಮಗಳೇ, ದೊಡ್ಡಪ್ಪ. ಆ ಮದುವೆ ಅವಳಿಗೆ ಬೇಡವಾಗಿತ್ತು. ಅವಳೇ ತೆಗೆದು ಬಚ್ಚಿಟ್ಟಿದ್ದಳು.”

ನಗುತ್ತಾನೆ ಅಂದುಕೊಂಡಿದ್ದೆ. ಅವನು ಕುರಿಗಳನ್ನು ಮನೆ ಕಡೆ ತಿರುಗಿಸಿದ. ಹಟ್ಟಿ ಹತ್ತಿರ ಬಂದಾಗ ಕೇಳಿದ, “ಅಲ್ಲ, ಅವಳನ್ನ ಯಾರೂ ಮೊದ್ಲೇ ಒಂದ್ ಮಾತು ಕೇಳ್ಲಿಲ್ವಾ?”

“ಇಲ್ಲ.”

ಆ ವರ್ಷ ಹಬ್ಬಕ್ಕೆ ಅಜ್ಜಿ ಬಂದು ನನ್ನನ್ನು ಸೋದರಮಾವನಿಗೆ ಕೊಡುವ ಮಾತೆತ್ತಿದಳು. ಅಪ್ಪ ಅಣ್ಣನ ಮುಖ ನೋಡಿದ. ದೊಡ್ಡಪ್ಪ ನನ್ನ ಕಡೆ ಕೈ ತೋರಿಸಿ, “ಅವಳಿದ್ದಾಳಲ್ಲ, ಅವಳನ್ನ ಕೇಳಿ” ಅಂದ. ನಾನು ಓದುತ್ತೀನಿ ಅಂದೆ. ಮಾತು ಅಲ್ಲಿಗೆ ಮುಗಿಯಿತು.

ಓದಿದೆ. ಸುಲಭವಾಗಿ ಅಲ್ಲ. ರಜದಲ್ಲಿ ಕೂಲಿ ಮಾಡಿದೆ, ಒಂದು ಪೇಪರು ಎರಡು ಸಲ ಬರೆದೆ. ನಮ್ಮ ಹಟ್ಟಿಯ ಮೊದಲ ಪದವೀಧರೆ ನಾನು, ಹೇಳಿಕೊಳ್ಳಲು ಸಂಕೋಚವಿಲ್ಲ.

ಈಗ ಆ ಬಯಲಲ್ಲಿ ಸೈಟಿನ ಕಲ್ಲುಗಳಿವೆ. ಮಂದೆ ಮಾರಿದ್ದಾಯಿತು. ನನ್ನ ಅಣ್ಣನ ಮಗಳನ್ನು ಕೂರಿಸಿಕೊಂಡು ಚಿಕ್ಕತಾಯಿಯ ಕತೆ ಶುರು ಮಾಡಿದರೆ, “ತಮಿಳ್ಲ ಸೊಲ್ಲುಂಗ ಅತ್ತೆ” ಅನ್ನುತ್ತಾಳೆ, ತಮಿಳಿನಲ್ಲೇ ಹೇಳಬೇಕಂತೆ. ಹೇಳುತ್ತೇನೆ. ಆದರೆ ಚಿಕ್ಕತಾಯಿ ತಮಿಳಿನಲ್ಲಿ ಯಾಕೋ ಬೇರೆ ಯಾರದೋ ಮನೆ ಹುಡುಗಿಯಂತೆ ಮಾತಾಡುತ್ತಾಳೆ.

ಸೇಲಂನಿಂದ ಡಿಗ್ರಿ ಸರ್ಟಿಫಿಕೇಟ್ ತಂದ ದಿನ ನೇರ ದೊಡ್ಡಪ್ಪನ ಕೈಗೆ ಕೊಟ್ಟೆ. ತಮಿಳು, ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಾಡಿಸಿ, “ಏನ್ ಬರ್ದವ್ರೆ? ನಮ್ ಮಾತ್ನಾಗೆ ಏಳು” ಅಂದ. ನನ್ನ ಹೆಸರು, ನಾನು ಓದಿದ್ದು, ಪಾಸಾಗಿದ್ದು, ಎಲ್ಲ ಹೇಳಿದೆ. ಅವನು ಒಳಗೆ ಒಲೆ ಮುಂದಿದ್ದ ದೊಡ್ಡವ್ವನನ್ನು ಕೂಗಿದ.

“ಲೇ, ಬಾರೇ ಇಲ್ಲಿ! ಮಗಾ, ಇನ್ನೊಂದ್ ಕಿತ ಏಳು. ಇವಳೂ ಕೇಳ್ಲಿ.”