ತಿರುಗಿ ಹೇಳಬೇಕಾದ ಮಾತು

ಬಸ್ ನಿಲ್ದಾಣದ ಮೈಕಿನ ಕೋಣೆಯಲ್ಲಿ ಕೂತು ಯಾವ ಬಸ್ಸು ಎಲ್ಲಿಗೆ ಹೊರಡುತ್ತದೆಂದು ಕೂಗುವ ಮಾಜಿ ಸೈನಿಕನನ್ನು ಡಿಪೋದಲ್ಲಿ ಎಲ್ಲರೂ ವೈರ್‌ಲೆಸ್ ಎಂದೇ ಕರೆಯುತ್ತಿದ್ದರು. ಸೈನ್ಯದಲ್ಲಿ ಅವನದು ವೈರ್‌ಲೆಸ್ ನಡೆಸುವ ಕೆಲಸ. ಅಲ್ಲೊಂದು ಕಟ್ಟುನಿಟ್ಟು ಇತ್ತು. ವೈರ್‌ಲೆಸ್ಸಿನಲ್ಲಿ ಆಜ್ಞೆ ಕೇಳಿಸಿಕೊಂಡವನು ಅದನ್ನೇ ತಿರುಗಿ ಹೇಳಬೇಕು, ಕಳಿಸಿದವನು ‘ಸರಿ’ ಎನ್ನಬೇಕು. ಅಲ್ಲಿಯವರೆಗೆ ಮಾತು ಮುಟ್ಟಿದಂತಲ್ಲ. ಸೈನ್ಯ ಬಿಟ್ಟು ಬಂದರೂ ಆ ಅಭ್ಯಾಸ ಅವನನ್ನು ಬಿಡಲಿಲ್ಲ. ಹೆಂಡತಿ ಉಪ್ಪು ತರಲು ಹೇಳಿದರೆ ‘ಉಪ್ಪು ತರಬೇಕು’ ಎಂದು ಬಾಗಿಲಲ್ಲೇ ನಿಂತಿರುತ್ತಿದ್ದ. ಆಕೆ ‘ಸರಿ’ ಎಂದ ಮೇಲೆಯೇ ಚಪ್ಪಲಿ ಮೆಟ್ಟುತ್ತಿದ್ದದ್ದು.

ನೌಕರರ ಸಂಘದ ವಾರ್ಷಿಕ ಸಭೆಗೆ ಯಾರೂ ನಾಟಕ ಕೊಡದೆ ಹೋದಾಗ ಅವನು ಮೊದಲ ನಾಟಕ ಬರೆದ. ಒಂದು ಮನೆ, ಗಂಡ, ಹೆಂಡತಿ, ಸೋರುವ ನಲ್ಲಿ. ಅವನಿಗೆ ಗೊತ್ತಿದ್ದದ್ದು ಒಂದೇ ಬಗೆಯ ಮಾತುಕತೆಯಾದ್ದರಿಂದ ಪಾತ್ರಗಳೂ ಒಬ್ಬರ ಮಾತನ್ನು ಒಬ್ಬರು ತಿರುಗಿ ಹೇಳಿದವು. ಗಂಡಹೆಂಡಿರು ದೂರವಾಗುವ ದುಃಖದ ಕಥೆಯೆಂದು ಅವನೆಣಿಸಿದ್ದ. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಪರದೆಯ ಪಕ್ಕ ನಿಂತಿದ್ದ ಅವನಿಗೆ ಬೇಸರವೂ ಆಗಲಿಲ್ಲ, ಖುಷಿಯೂ ಆಗಲಿಲ್ಲ. ಮುಂದಿನ ವರ್ಷ ಇನ್ನೊಂದು ಕೇಳಿದರು, ಬರೆದುಕೊಟ್ಟ. ಹೀಗೆ ನಗೆನಾಟಕದವನೆಂದು ಹೆಸರಾಯಿತು.

“ದಿನಾ ಮನೇಲಿ ಅದನ್ನೇ ಕೇಳ್ತೀನಿ, ನಂಗೆ ಒಂದು ದಿನಾನೂ ನಗು ಬಂದಿಲ್ಲ,” ಎಂದಳು ಹೆಂಡತಿ. “ಟಿಕೆಟ್ ತಗೊಂಡು ಕೇಳಿದ್ರೆ ಬರುತ್ತೇನೋ!”

ಈ ವರ್ಷದ ನಾಟಕ ಬೇರೆ. ಯುದ್ಧದಲ್ಲಿ ಸತ್ತ ಗೆಳೆಯನೊಬ್ಬನ ತಂಗಿ ಅದೇ ಊರಿನಲ್ಲಿ ಹೊಲಿಗೆ ಅಂಗಡಿ ನಡೆಸುತ್ತಿದ್ದಳು. ಕಂಡಾಗಲೆಲ್ಲ “ಕೊನೇಲಿ ನಮ್ಮಣ್ಣ ಏನಂದ?” ಎಂದು ಕೇಳುತ್ತಿದ್ದಳು. ಅವನು “ಏನಂದ?” ಎಂದು ತಿರುಗಿ ಹೇಳಿ ಹೊರಟುಬಿಡುತ್ತಿದ್ದ. ಬಾಯಲ್ಲಿ ಹೇಳಲಾಗದ್ದನ್ನು ಆಡಿಸಿ ತೋರಿಸಬಹುದೆನಿಸಿ ಬರೆಯಲು ಕೂತ. ಗುಡ್ಡದ ಮೇಲಿನ ಕಾವಲು ಚೌಕಿಯಲ್ಲಿ ಒಬ್ಬ, ಕೆಳಗೆ ವೈರ್‌ಲೆಸ್ ಹಿಡಿದವನೊಬ್ಬ. ಇಡೀ ನಾಟಕ ಇಬ್ಬರೂ ಮಾತಾಡುತ್ತಾರೆ. ಕೊನೆಯಲ್ಲಿ ಕೆಳಗಿನವನು ‘ಚೌಕಿ ಬಿಟ್ಟು ಹಿಂದೆ ಬಾ’ ಎನ್ನುತ್ತಾನೆ. ಮೇಲಿನಿಂದ ಉತ್ತರವಿಲ್ಲ. ಮತ್ತೆ ಹೇಳುತ್ತಾನೆ, ಮತ್ತೆ ಮತ್ತೆ ಹೇಳುತ್ತಾನೆ. ಪರದೆ.

ನಾಟಕ ಆಡಿಸುವ ಹೆಡ್ ಮೆಕ್ಯಾನಿಕ್ ತಲೆ ಚಚ್ಚಿಕೊಂಡ. “ಏನ್ರೀ ಇದು, ಎಂಜಿನ್ ಬಿಚ್ಚಿಟ್ಟು ಊಟಕ್ಕೆ ಹೋದಂಗಿದೆ! ಆ ಮೇಲಿನವನ ಕೈಲಿ ಒಂದು ಮಾತು ಆಡ್ಸಿ.”

“ಒಂದು ಮಾತು ಆಡಿಸ್ಬೇಕು.”

“ಹ್ಞೂಂ ಮಾರಾಯ್ರೆ, ಸರಿ!”

“ಆಡ್ಸಲ್ಲ. ಅವನ ತಂಗಿ ಬರ್ತಾಳೆ. ಅವನು ಏನೂ ಅನ್ಲಿಲ್ಲ ಅಂತ ಅವಳಿಗೆ ಗೊತ್ತಾಗ್ಬೇಕು.”

ಚೌಕಿಯವನ ಪಾತ್ರಕ್ಕೆ ಒಬ್ಬ ಕಂಡಕ್ಟರ್. ಪ್ರಯಾಣಿಕರೊಡನೆ ಸದಾ ಜಗಳವಾಡಿ ಚಿಲ್ಲರೆ ಎಂದೇ ಅಡ್ಡಹೆಸರು ಪಡೆದವನು. ವೈರ್‌ಲೆಸ್‌ನ ಎಲ್ಲ ನಾಟಕಗಳಲ್ಲೂ ಆಡಿ, ಎದುರಿನವನ ಮಾತು ಮುಗಿಯುವ ಮೊದಲೇ ತಿರುಗಿ ಹೇಳುವಷ್ಟು ಅವನ ನಾಲಿಗೆ ಪಳಗಿತ್ತು. ತಾಲೀಮಿನಲ್ಲಿ ಕೊನೆಯ ದೃಶ್ಯ ಬಂದಾಗ ಮಾತು ಜಾರದಂತೆ ಬಾಯಲ್ಲಿ ಕರ್ಚೀಫು ಕಚ್ಚಿಕೊಳ್ಳುತ್ತಿದ್ದ. ಪ್ರದರ್ಶನದ ದಿನ ಅದು ಕಳಚಿಟ್ಟ ಖಾಕಿ ಪ್ಯಾಂಟಿನ ಜೇಬಿನಲ್ಲೇ ಉಳಿಯಿತು.

ಅಂದು ಸಂಜೆ ಸಂಘದ ಸಭಾಂಗಣ ತುಂಬಿತ್ತು. ತಂಗಿ ಅಂಗಡಿ ಮುಚ್ಚಿ ನೇರ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು, ಅಳತೆಯ ಟೇಪು ಇನ್ನೂ ಕುತ್ತಿಗೆಯಲ್ಲೇ ಇತ್ತು. ಜನ ಎಂದಿನಂತೆ ನಕ್ಕರು, ಅವಳು ನಗಲಿಲ್ಲ. ಕೊನೆಯ ದೃಶ್ಯ ಬಂತು.

“ಚೌಕಿ ಬಿಟ್ಟು ಹಿಂದೆ ಬಾ.”

ಉತ್ತರವಿಲ್ಲ. ಜನರ ನಗು ನಿಂತಿತು.

“ಚೌಕಿ ಬಿಟ್ಟು ಹಿಂದೆ ಬಾ.”

ಯಾರೋ ಕೆಮ್ಮಿದರು. ಮತ್ತೊಮ್ಮೆ ಕರೆದಾಗ ಚಿಲ್ಲರೆಗೆ ತಡೆಯಲಾಗಲಿಲ್ಲ. “ಚೌಕಿ ಬಿಟ್ಟು ಹಿಂದೆ ಬರ್ತಿದ್ದೀನಿ!” ಎಂದುಬಿಟ್ಟ. ಕೆಳಗಿನವನ ಪಾತ್ರದವನೂ ಅಭ್ಯಾಸಬಲದಿಂದ “ಸರಿ” ಎಂದ. ಸಭಾಂಗಣವೆಲ್ಲ ಎದ್ದು ಚಪ್ಪಾಳೆ ತಟ್ಟಿತು.

“ಅಣ್ಣಾ, ಜಾರಿಬಿಡ್ತು. ಬೇಕಾದ್ರೆ ಎರಡು ಬಾರಿಸಿ,” ಎಂದು ಚಿಲ್ಲರೆ ಒಳಗೆ ಬಂದು ಕೆನ್ನೆ ಒಡ್ಡಿದ. ವೈರ್‌ಲೆಸ್ ಬಾರಿಸಲಿಲ್ಲ. ಇಂಥ ಹೊತ್ತಿನಲ್ಲಿ ಸಿಟ್ಟು ಬರಬೇಕೆಂದು ಅವನಿಗೆ ಗೊತ್ತಿತ್ತು. ಬರಲಿಲ್ಲ.

“ಈಗ ನೋಡಿ, ನಾಟಕ ನಾಟಕದಂಗಾಯ್ತು,” ಎಂದ ಹೆಡ್ ಮೆಕ್ಯಾನಿಕ್.

ಅಷ್ಟರಲ್ಲಿ ತಂಗಿ ಪರದೆ ಸರಿಸಿ ಒಳಗೆ ಬಂದಳು. ಅವಳ ಮುಖ ಅರಳಿದ್ದನ್ನು ಅವನು ಹಿಂದೆಂದೂ ಕಂಡಿರಲಿಲ್ಲ. “ಬರ್ತಿದ್ದೀನಿ ಅಂದಿದ್ನಾ ಅವನು? ಇಷ್ಟು ವರ್ಷ ಯಾಕೆ ಬಾಯಿ ಬಿಡ್ಲಿಲ್ಲ ನೀವು?”

ಅವಳ ಬೆನ್ನ ಹಿಂದೆ ಹೆಡ್ ಮೆಕ್ಯಾನಿಕ್ ‘ಹೌದನ್ನಿ, ಹೌದನ್ನಿ’ ಎಂದು ತಲೆಯಾಡಿಸುತ್ತಿದ್ದ. ಒಂದು ‘ಹೌದು’ ಅಂದಿದ್ದರೆ ಸಾಕಿತ್ತು. ಯಾರಿಗೂ ನಷ್ಟವಿರಲಿಲ್ಲ.

“ಇಲ್ಲಮ್ಮ,” ಎಂದ ವೈರ್‌ಲೆಸ್. “ಅದು ಈ ಕಂಡಕ್ಟರ್ ಬಾಯಿ ತಪ್ಪಿ ಅಂದದ್ದು. ನಾನು ಬೆಳಕು ಹರಿಯೋವರೆಗೂ ಕರೆದೆ. ಅವನು ಏನೂ ಅನ್ಲಿಲ್ಲ.”

ಅವಳು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಚಿಲ್ಲರೆ ನೆಲ ನೋಡುತ್ತಿದ್ದ.

“ಏನೂ ಅನ್ಲಿಲ್ಲ,” ಎಂದಳು ಕೊನೆಗೆ.

“ಸರಿ,” ಎಂದ ವೈರ್‌ಲೆಸ್.

ಅವಳು ಹೋದಳು. ಸಭಾಂಗಣ ಖಾಲಿಯಾಗಿತ್ತು. ಬಾಡಿಗೆ ಕುರ್ಚಿಗಳನ್ನು ಮರಳಿಸಬೇಕಿತ್ತು. ಅವನು ಮುಂದಿನ ಸಾಲಿನಿಂದ ಮಡಚಲು ಶುರು ಮಾಡಿದ.