ಪೀಣ್ಯ ನಿಲ್ದಾಣದಲ್ಲಿ ಅಕ್ಕ ಬಿಟ್ಟ ಚಪ್ಪಲಿ

ದಾನಮ್ಮ ತಾಯಿಯನ್ನು ನಂಬಿದವರಿಗೆಲ್ಲ ಶರಣು. ಕಳೆದ ಶ್ರಾವಣದ ಒಂದು ಸೋಮವಾರ ನನ್ನ ಅಕ್ಕ ಮೆಟ್ರೋದಲ್ಲಿ ಕಳೆದುಹೋದಳು. ಕಳೆದದ್ದು ನನ್ನ ತಪ್ಪಿನಿಂದ, ಸಿಕ್ಕಿದ್ದು ತಾಯಿಯ ದಯೆಯಿಂದ. ನಾನು ಏಳನೇ ತರಗತಿಯವರೆಗೆ ಓದಿದವನು. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ನಮ್ಮದು ವಿಜಯಪುರ ಜಿಲ್ಲೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಗ್ರೈಂಡಿಂಗ್ ಕೆಲಸ ಮಾಡುತ್ತೇನೆ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಶಾಂತಕ್ಕ. ಅವಳಿಗೆ ಸಕ್ಕರೆ ಕಾಯಿಲೆ, ಕಣ್ಣೂ ಮಂಜಾಗಿತ್ತು. ದೊಡ್ಡ ಆಸ್ಪತ್ರೆಗೆ ತೋರಿಸಲು ಕರೆಸಿಕೊಂಡಿದ್ದೆ. ಬೆಂಗಳೂರು ಅವಳಿಗೆ ಪರದೇಶವೇ.

ಅಂದು ಬೆಳಿಗ್ಗೆ ಪೀಣ್ಯ ನಿಲ್ದಾಣಕ್ಕೆ ಹೋದೆವು. ಕಳೆದುಕೊಂಡಾಳೆಂದು ಅವಳ ಟೋಕನ್ ನಾನೇ ಇಟ್ಟುಕೊಂಡೆ. ರೊಟ್ಟಿ, ಮಾತ್ರೆ ಇದ್ದ ಚೀಲವೂ ನನ್ನ ಹೆಗಲಲ್ಲೇ ಇತ್ತು. ಗಾಡಿ ಬಂದು ಬಾಗಿಲು ತೆರೆಯಿತು. ಅಕ್ಕ ಚಪ್ಪಲಿಗಳನ್ನು ಪ್ಲಾಟ್‌ಫಾರ್ಮಿನ ಮೇಲೆ ಜೋಡಿಸಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದಳು. ಅವಳ ಹಿಂದೆ ನಾನು ಹತ್ತಿದ ಕೂಡಲೇ ಬಾಗಿಲು ಮುಚ್ಚಿತು, ಚಪ್ಪಲಿ ಹೊರಗೇ ಉಳಿದವು.

"ಚಪ್ಪಲಿ ಯಾಕ ಬಿಟ್ಟಿ ಅಕ್ಕಾ?"

"ಗುಡಿ ಹಂಗ ಹೊಳಿತೈತಿ. ಮೆಟ್ಟಿಕೊಂಡು ಹೆಂಗ ಒಳಗ ಬರೂದೋ ತಮ್ಮಾ?"

ಜನ ನಕ್ಕರು. ಯಾರೋ ಎದ್ದು ಕೊಟ್ಟ ಸೀಟಿನಲ್ಲಿ ಅವಳನ್ನು ಕೂರಿಸಿ ತಿರುಗಿದರೆ ಎದುರಿಗೆ ನಮ್ಮ ಸೂಪರ್‌ವೈಸರ್.

"ಏನ್ ಗುರು, ರಜಾ ಹಾಕ್ಬಿಟ್ಟು ಸುತ್ತಾಟಾನಾ? ಆ ಯಮ್ಮ ಯಾರೋ, ಚಪ್ಪಲಿ ಬಿಟ್ಟು ಹತ್ತಿದ್ಲಲ್ಲ?"

"ಯಾರೋ ಊರವ್ರು ಸಾರ್. ದಾರಿ ತೋರ್ಸು ಅಂದ್ರು."

ನನ್ನನ್ನು ಹೊತ್ತು ತಿರುಗಿದವಳನ್ನು 'ಯಾರೋ' ಎಂದೆ. ಅಷ್ಟಕ್ಕೇ ನಿಲ್ಲದೆ ಅವರ ಹಿಂದೆ ಮುಂದಿನ ಬೋಗಿಗೂ ಹೋದೆ. ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಬೇಕಿತ್ತು. ಅಲ್ಲಿ ಸೂಪರ್‌ವೈಸರ್ ಇಳಿದು ಹೋದ ಕೂಡಲೇ ಓಡಿಬಂದು ನೋಡಿದರೆ ಅಕ್ಕನ ಸೀಟಿನಲ್ಲಿ ಬೇರೆ ಯಾರೋ ಕೂತಿದ್ದರು.

ಇಳಿದು ನಿಲ್ದಾಣದ ಮೇಲೆ ಕೆಳಗೆ ಹುಡುಕಿದೆ. ಮೈಕಿನಲ್ಲಿ ಅವಳ ಹೆಸರು ಕೂಗಿಸಿದೆ. ಟೋಕನ್ ಇಲ್ಲದೆ ಹೊರಗೆ ಹೋಗಲಾರಳು, ಆದರೆ ಅಷ್ಟೊಂದು ನಿಲ್ದಾಣಗಳಲ್ಲಿ ಎಲ್ಲಿ ಇಳಿದಿದ್ದಾಳೆ? ಅವಳಿಗೆ ಓದಲು ಬಾರದು, ಫೋನಿಲ್ಲ, ಹೊಟ್ಟೆಗೆ ಏನೂ ಬಿದ್ದಿಲ್ಲ. ಸಕ್ಕರೆ ಇಳಿದು ಎಲ್ಲಾದರೂ ಬಿದ್ದರೆ? ಚೀಲ ಹೆಗಲ ಮೇಲೆ ಕಲ್ಲಿನಂತೆ ಭಾರವಾಯಿತು.

ಕೊನೆಗೆ ಒಂದು ಕಂಬದ ಮರೆಯಲ್ಲಿ ಬೂಟು ಬಿಚ್ಚಿ ನಿಂತು ಕೈ ಮುಗಿದೆ. "ತಾಯಿ ದಾನಮ್ಮಾ, ಸುಳ್ಳು ಹೇಳಿದವನು ನಾನು. ಶಿಕ್ಷೆ ನನಗೇ ಕೊಡು, ಅವಳಿಗೆ ಬೇಡ."

ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಬಿಚ್ಚಿಟ್ಟ ನನ್ನ ಬೂಟು. ಆ ಗಾಬರಿಯಲ್ಲಿ ನಾನು ಪೂರ್ತಿ ಮರೆತಿದ್ದುದು ಆಗ ನೆನಪಾಯಿತು. ಗುಡಿಯಲ್ಲಿ ಎಲ್ಲಿ ಚಪ್ಪಲಿ ಬಿಟ್ಟಿರುತ್ತಾಳೋ ಅಕ್ಕ ಅಲ್ಲಿಗೇ ಬರುತ್ತಾಳೆ. ಜಾತ್ರೆಯಲ್ಲಿ ನಾನು ತಪ್ಪಿಸಿಕೊಂಡರೂ ಅಲ್ಲೇ ನಿಂತಿರಲು ಕಲಿಸಿದ್ದಳು. ಇದು ನನ್ನ ಬುದ್ಧಿಗೆ ಹೊಳೆದದ್ದಲ್ಲ, ತಾಯಿಯೇ ತೋರಿಸಿದಳು. ಇದರಲ್ಲಿ ನನಗೆ ಅನುಮಾನವಿಲ್ಲ.

ಪೀಣ್ಯಕ್ಕೆ ವಾಪಸು ಬಂದು ಇಳಿದೆ. ಅಕ್ಕ ಅಲ್ಲೇ ಬೆಂಚಿನ ಮೇಲೆ ಬರಿಗಾಲಲ್ಲಿ ಕೂತು, ಹಳಿಯಾಚೆಯ ಪ್ಲಾಟ್‌ಫಾರ್ಮನ್ನೇ ನೋಡುತ್ತಿದ್ದಳು.

"ಬಂದ್ಯಾ? ಆ ಕಡೆ ಕರ್ರಗ ಕಾಣ್ತಾವಲ್ಲ, ನನ್ನವೇ ಹೌದಲ್ಲ? ಆ ಗಾಡಿ ತಿರುಗಿ ಅಲ್ಲಿಗೇ ಬರ್ತೈತಿ ಅನ್ಕೊಂಡಿದ್ದೆ. ಬರೂದಿಲ್ಲಂದ್ರು. ನಡುವ ಇಳದೆ. ಒಬ್ಬಾಕಿ ಹುಡುಗಿ ಈ ಕಡೆ ಬರೂ ಗಾಡಿ ಹತ್ತಿಸಿದ್ಲು."

"ಹಳೇ ಚಪ್ಪಲಿ ಹೋದ್ರ ಹೋಗಲಿ ಬಿಡು ಅಕ್ಕಾ!"

"ನೀ ಮೊದಲನೇ ಪಗಾರದಾಗ ಕೊಡಿಸಿದ್ದಲ್ಲೋ. ಬಿಟ್ಟು ಹೋಗಲೇನು?"

ಅವಳ ಕಾಲ ಬಳಿ ಕುಸಿದು ಕೂತು, ಸೂಪರ್‌ವೈಸರ್‌ಗೆ ಹೇಳಿದ್ದನ್ನು ಒಪ್ಪಿಕೊಂಡೆ.

"ಕೇಳ್ಸಿತ್ತು. ಕಣ್ಣು ಮಂಜಾಗ್ಯಾವ, ಕಿವಿ ಅಲ್ಲ," ಎಂದಳು. "ಊರಾಕಿನೇ ಹೌದಲ್ಲೋ ನಾ. ಮದಲ ರೊಟ್ಟಿ ತೆಗಿ."

ಅವಳು ತಿನ್ನುತ್ತಿರುವಾಗಲೇ ಸೂಪರ್‌ವೈಸರ್‌ಗೆ ಫೋನ್ ಮಾಡಿ, "ಸಾರ್, ಅವರು ನಮ್ಮಕ್ಕ," ಎಂದೆ.

"ಲೋ, ಆಗ್ಲೇ ಹೇಳೋಕೇನಾಗಿತ್ತೋ? ಅವ್ರಿಗೆ ಎದ್ದು ಸೀಟ್ ಕೊಟ್ಟೋರಿಗೆ ಒಂದು ಥ್ಯಾಂಕ್ಸಾದ್ರೂ ಹೇಳ್ತಿದ್ನಲ್ಲ!" ಎಂದರು. ನಾನು ಹೆದರಿದ್ದು ಇಂಥವರಿಗೆ.

ಆಚೆಗೆ ಹೋಗಿ ಚಪ್ಪಲಿ ತೆಗೆದುಕೊಂಡೆವು. ಗಾಡಿ ಬಂದಾಗ ಅಕ್ಕ ಮತ್ತೆ ಬಿಚ್ಚಿದಳು. ಈ ಸಲ ನಾನು ಎತ್ತಿ ಕೈಯಲ್ಲಿ ಹಿಡಿದುಕೊಂಡೆ. ಜನ ನೋಡಿದರು, ನೋಡಲಿ.

ಅಕ್ಕನ ಕಣ್ಣಿನ ಆಪರೇಷನ್ ಚೆನ್ನಾಗಿ ಆಗಿದೆ. ಬರುವ ಶ್ರಾವಣಕ್ಕೆ ಇಬ್ಬರೂ ತಾಯಿಯ ಗುಡಿಗೆ ಹೋಗುತ್ತೇವೆ. ಮೊದಲು ಅವಳು ಒಳಗೆ ಹೋಗಲಿ. ಅವಳು ಬರುವವರೆಗೆ ಬಾಗಿಲಲ್ಲಿ ಆ ಚಪ್ಪಲಿ ಕಾಯುವವನು ನಾನು.